ಮೆಣಸಿನಕಾಯಿ ಅಟ್ಟದ ಕಂಪ್ಯೂಟರು

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದವರಿಗೆ ಊರು ಮೊದಲು ಮೂಗಿಗೆ ಸಿಗುತ್ತದೆ, ಕಣ್ಣಿಗೆ ಆಮೇಲೆ. ಸುಗ್ಗಿ ಮುಗಿದು ಮಾರುಕಟ್ಟೆ ತುಂಬುವ ದಿನಗಳಲ್ಲಿ ಒಣಮೆಣಸಿನಕಾಯಿಯ ಘಾಟು ಪ್ಲಾಟ್‌ಫಾರ್ಮಿನ ತನಕ ಬಂದು ನಿಂತಿರುತ್ತದೆ. ಹೊಸಬರು ಸೀನುತ್ತಾರೆ, ಊರವರು ನಗುತ್ತಾರೆ. ಹೋದ ಫೆಬ್ರುವರಿಯಲ್ಲಿ ಇಳಿದಾಗ ನಾನೂ ಸೀನಿದೆ. ಸೀನುವ ಮೊದಲು ನನಗೆ ಗೊತ್ತಿಲ್ಲದೆಯೇ ಒಂದು ಕ್ಷಣ ತಡೆದು, ಎತ್ತಿದ ಕಾಲನ್ನು ನೆಲಕ್ಕಿಟ್ಟು, ನಿಂತಿದ್ದು ಎಲ್ಲಿ ಎಂದು ನೋಡಿಕೊಂಡೆ. ಕೈಯಲ್ಲಿದ್ದ ಕೆಲಸ ಮುಗಿಸಬೇಕು, ಎಲ್ಲಿದ್ದೇವೆಂದು ಗುರುತಿಟ್ಟುಕೊಳ್ಳಬೇಕು, ಆಮೇಲೆ ಸೀನಬೇಕು. ಒಂದು ಕಾಲದಲ್ಲಿ ನಮ್ಮ ಮೂವರಿಗೆ ಹಾಗೆಂದು ನಿಯಮವಿತ್ತು. ಆ ನಿಯಮ ಮಾಡಿದ ಸಂಗಮೇಶ ಮಾಸ್ತರು ತೀರಿಹೋಗಿದ್ದರು, ಅವರ ಶಿವಗಣಾರಾಧನೆಗೆಂದೇ ನಾನು ಅವತ್ತು ಬ್ಯಾಡಗಿಗೆ ಬಂದಿದ್ದೆ.

ಮಾಸ್ತರು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಊರಿಗೆಲ್ಲ ಗುರುಗಳಾದರೂ ನನಗೆ ಅವರು ಸಹಪಾಠಿ. ತೊಂಬತ್ತೆರಡನೆಯ ಇಸವಿ. ದೂರಶಿಕ್ಷಣದಲ್ಲಿ ಕಂಪ್ಯೂಟರಿನ ಸ್ನಾತಕೋತ್ತರ ಪದವಿ ಕೊಡುತ್ತಾರಂತೆ ಎಂಬ ಸುದ್ದಿ ನಮ್ಮ ಕಡೆಗೆ ಬಂದಾಗ ಹೆಸರು ಹಚ್ಚಿದವರು ಕೈಬೆರಳಿನಷ್ಟೂ ಇರಲಿಲ್ಲ. ನಾನು ರಾಣೆಬೆನ್ನೂರಿನವಳು, ಗಣಿತದ ಪದವೀಧರೆ, ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಹೊಸದೊಂದು ಪರೀಕ್ಷೆ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದವಳು. ಈ ಸಲ ಕಟ್ಟಿದ್ದು ಯಾವ ಪರೀಕ್ಷೆಯೆಂದು ವಕೀಲರ ಗುಮಾಸ್ತರಾಗಿದ್ದ ನನ್ನ ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರಾದರೂ ಕೇಳಿದರೆ, ಏನೋ ಟೈಪಿಂಗಿನ ದೊಡ್ಡ ಪರೀಕ್ಷೆ ಎನ್ನುತ್ತಿದ್ದ.

ನಮ್ಮ ಅಧ್ಯಯನ ಕೇಂದ್ರ ಹಾವೇರಿಯ ಒಂದು ಕಾಲೇಜಿನಲ್ಲಿತ್ತು. ತಿಂಗಳಿಗೊಮ್ಮೆ ಹೋಗಬೇಕು. ರಾಣೆಬೆನ್ನೂರಿನಲ್ಲಿ ನಾನು ಪ್ಯಾಸೆಂಜರ್ ಹತ್ತಿದರೆ ಬ್ಯಾಡಗಿಯಲ್ಲಿ ಮಾಸ್ತರು ಹತ್ತುತ್ತಿದ್ದರು. ಅಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ದಪ್ಪ ಪರದೆ, ತಂಪು ಯಂತ್ರ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ನಮ್ಮ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಪಾಳಿ ಹಚ್ಚಿ ನಿಂತರೆ ಕೀಲಿಮಣೆ ಮುಟ್ಟಲು ಕೆಲವೇ ನಿಮಿಷ ಸಿಗುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಉಳಿದದ್ದೆಲ್ಲ ಅಂಚೆಯಲ್ಲಿ ಬಂದ ಇಂಗ್ಲಿಷ್ ಪಾಠಗಳ ಕಟ್ಟಿನಲ್ಲಿ. ಪ್ರೊಸೆಸರ್, ಮೆಮರಿ, ರಿಜಿಸ್ಟರ್, ಇಂಟರಪ್ಟ್ ಎಂಬ ಶಬ್ದಗಳನ್ನು ನಾನು ಗಾಯತ್ರಿ ಮಂತ್ರದಂತೆ ಬಾಯಿಪಾಠ ಮಾಡಿದ್ದೆ, ಒಂದರ ಮುಖವನ್ನೂ ಕಂಡಿರಲಿಲ್ಲ.

ನಮ್ಮಲ್ಲಿ ಮೂರನೆಯವನು ಈರಣ್ಣ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರ ಒಬ್ಬನೇ ಮಗ, ಮಾಸ್ತರರ ಹಳೆಯ ಶಿಷ್ಯ. ನನಗಿಂತ ಚಿಕ್ಕವನಾದ್ದರಿಂದ ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ. ಈ ವಿದ್ಯೆ ನಮ್ಮಲ್ಲಿ ನಿಜವಾಗಿ ಒಲಿದದ್ದು ಅವನೊಬ್ಬನಿಗೇ. ನಾನು ಓದಿ ಓದಿ ತಿಳಿದುಕೊಂಡದ್ದನ್ನು ಅವನು ಒಮ್ಮೆ ಕೇಳಿ, ತಲೆ ಕೆರೆದುಕೊಂಡು, ಹೀಗಲ್ಲವೇನ್ರಿ ಎಂದು ಮುಂದಿನ ಪುಟದಲ್ಲಿದ್ದದ್ದನ್ನು ಹೇಳುತ್ತಿದ್ದ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವನ ಅಪ್ಪ ರುದ್ರಪ್ಪನವರು ಕೊಟ್ಟದ್ದು ಒಂದೇ ವರ್ಷದ ಅವಕಾಶ. ಜೂನಿನ ಪರೀಕ್ಷೆಯಲ್ಲಿ ಎಲ್ಲ ವಿಷಯ ಪಾಸಾದರೆ ಮುಂದೆ ಓದಬಹುದು, ಇಲ್ಲವಾದರೆ ಅಂಗಡಿಯ ಗಾದಿಯ ಮೇಲೆ ಕೂಡಬೇಕು, ಮತ್ತೆ ಪುಸ್ತಕದ ಹೆಸರೆತ್ತಬಾರದು. ಈರಣ್ಣ ಪಾಸಾಗುತ್ತಾನೆ ಎಂಬುದರಲ್ಲಿ ನಮಗಾರಿಗೂ ಸಂಶಯವಿರಲಿಲ್ಲ. ಅವನಿಗೂ ಇರಲಿಲ್ಲ.

ಅಟ್ಟದ ಮೇಲೆ ಕಂಪ್ಯೂಟರ್ ಕಟ್ಟೋಣ ಎಂದವರು ಮಾಸ್ತರು. ರುದ್ರಪ್ಪನವರ ಗೋದಾಮಿಗೆ ಮೇಲೊಂದು ಮರದ ಅಟ್ಟವಿತ್ತು. ನಡುವೆ ಚೌಕಾದ ಕಿಂಡಿ, ಅದರ ಮೇಲೆ ರಾಟೆ. ಹಮಾಲರು ಹಗ್ಗ ಕಟ್ಟಿ ಚೀಲಗಳನ್ನು ಆ ಕಿಂಡಿಯಿಂದಲೇ ಕೆಳಗಿಳಿಸುತ್ತಿದ್ದರು. ಮೇಲೆ ಸಾಲಾಗಿ ನಿಂತ ಚೀಲಗಳೇ ನಮ್ಮ ಮೆಮರಿ. ಈರಣ್ಣ ಪ್ರತಿ ಚೀಲದ ಮೇಲೆ ಸುಣ್ಣದಿಂದ ನಂಬರು ಬರೆದ. ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆಂದು ಮೊದಲನೆಯದಕ್ಕೆ ಸೊನ್ನೆ ಎಂದು ಬರೆದದ್ದನ್ನು ನೋಡಿ ರುದ್ರಪ್ಪನವರು ಸಿಟ್ಟಿಗೆದ್ದರು. ಅಳೆಯುವಾಗ ಒಂದು ಎನ್ನುವುದಕ್ಕೂ ಬಾಯಿ ಬಾರದೆ ಲಾಭ, ಎರಡು, ಮೂರು ಎಂದು ಎಣಿಸುವ ಮನೆತನ ಅವರದು, ತುಂಬಿದ ಚೀಲಕ್ಕೆ ಸೊನ್ನೆ ಎನ್ನುವುದುಂಟೇ? ಕೊನೆಗೆ ಮಾಸ್ತರು ರಾಜಿ ಮಾಡಿಸಿದರು. ನಮ್ಮ ಕಂಪ್ಯೂಟರಿನಲ್ಲಿ ಮೆಮರಿಯ ಮೊದಲ ವಿಳಾಸ ಲಾಭ, ಎರಡನೆಯದು ಒಂದು. ಜಗತ್ತಿನಲ್ಲಿ ಇನ್ನೆಲ್ಲೂ ಹಾಗಿರಲಿಕ್ಕಿಲ್ಲ.

ಒಂದೊಂದು ಚೀಲದ ಬಾಯಿಗೂ ದಾರದಲ್ಲಿ ಪೋಣಿಸಿದ ಎಂಟು ಮೆಣಸಿನಕಾಯಿಗಳ ಸರ. ತೊಟ್ಟು ಇದ್ದ ಕಾಯಿ ಒಂದು, ತೊಟ್ಟು ಮುರಿದದ್ದು ಸೊನ್ನೆ. ಮುಟ್ಟಿ ನೋಡಿದರೆ ಸಾಕು, ಸಂಖ್ಯೆ ಬೆರಳಿಗೆ ತಿಳಿಯುತ್ತಿತ್ತು. ನಾನು ಒಳಗೆ ಕೊಡುವುದು, ಹೊರಗೆ ತೆಗೆದುಕೊಳ್ಳುವುದು ಮಾಡುವ ನಿಧಾನದ ಸಾಧನ. ಈರಣ್ಣ ಆಪರೇಟಿಂಗ್ ಸಿಸ್ಟಮ್, ಅಂದರೆ ಯಜಮಾನ. ಗಡಿಯಾರ ಹಿಡಿದು ಕೂತು ಯಾವ ಪ್ರೋಗ್ರಾಮಿನ ಪಾಳಿ, ಯಾರು ಕಾಯಬೇಕು, ಯಾರಿಗೆ ಯಾವ ಚೀಲ ಎಂದು ತೀರ್ಮಾನಿಸುವವನು. ಮಾಸ್ತರು ಪ್ರೊಸೆಸರ್, ಅಂದರೆ ಹೇಳಿದ ಲೆಕ್ಕ ಮಾಡುವವರು. ಪ್ರೊಸೆಸರಿಗೆ ಕಣ್ಣಿಲ್ಲ, ಇಡೀ ಮೆಮರಿ ಅದಕ್ಕೆ ಎಂದೂ ಕಾಣುವುದಿಲ್ಲ, ಒಂದು ಸಲಕ್ಕೆ ಒಂದು ವಿಳಾಸ ಅಷ್ಟೇ ಅದರ ಲೋಕ ಎಂದು ಹೇಳಿ ಅವರು ಹೆಗಲ ಮೇಲಿನ ಅರಿವೆಯನ್ನು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ನಡೆಯುತ್ತ ಹೋಗಿ ಹೇಳಿದ ನಂಬರಿನ ಚೀಲ ಹುಡುಕಿ, ಸರವನ್ನು ಬೆರಳಲ್ಲಿ ಓದಿ, ತಮ್ಮ ಜೇಬಿನ ಸರಕ್ಕೆ ಕೂಡಿಸಿ, ಮತ್ತೆ ಬೇರೆ ಚೀಲಕ್ಕೆ ಒಯ್ದು ಕಟ್ಟುತ್ತಿದ್ದರು. ಪ್ರತಿ ಕೆಲಸ ಮುಗಿದ ಮೇಲೆ "ಮುಂದಿಂದು?" ಎಂದು ಕೇಳುತ್ತಿದ್ದರು.

ಪುಸ್ತಕದಲ್ಲಿ ಹಾಗಿಲ್ಲ, ಪ್ರೊಸೆಸರ್ ಎದ್ದು ಓಡಾಡುವುದಿಲ್ಲ, ಮೆಮರಿಯಲ್ಲಿದ್ದದ್ದೇ ಅದರ ಬಳಿಗೆ ಬರುತ್ತದೆ, ಸರ ತಂದುಕೊಡುವ ಕೆಲಸ ನನ್ನದು ಎಂದು ನಾನು ವಾದಿಸಿದೆ. ತಾವೇ ನಡೆಯುವುದಾಗಿ ಅವರು ಹಟ ಹಿಡಿದರು. ಯಾರೂ ಇಲ್ಲದಾಗಲೂ ಅಟ್ಟ ಹತ್ತಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಸೀನಿಗೆ ಮಾಡಿದ ನಿಯಮವೂ ಆಗಿನದೇ. ಅಲ್ಲಿ ಸೀನದೆ ಇರುವುದು ಅಸಾಧ್ಯವಾಗಿತ್ತಲ್ಲ, ಅದನ್ನೇ ಇಂಟರಪ್ಟ್, ಅಂದರೆ ಕೆಲಸದ ನಡುವೆ ಬರುವ ಅಡ್ಡಿ, ಎಂದು ಹೆಸರಿಟ್ಟು ಪಾಠದೊಳಗೆ ಸೇರಿಸಿಕೊಂಡೆವು. ಅಟ್ಟದ ಮೇಲೆ ಸೇರುತ್ತಿದ್ದ ಆ ಭಾನುವಾರಗಳಷ್ಟು ನಕ್ಕದ್ದು, ಕಲಿತದ್ದು ನನ್ನ ಬದುಕಿನಲ್ಲಿ ಮತ್ತೆ ಆಗಲಿಲ್ಲ.

ನಮಗೆ ಆಗ ಗೊತ್ತಿಲ್ಲದಿದ್ದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾಸ್ತರರ ಕಣ್ಣು ಹೋಗುತ್ತಿದ್ದವು. ಸುತ್ತಲಿನಿಂದ ಕತ್ತಲೆ ಮುಚ್ಚಿಕೊಂಡು ಬರುವ ಕಾಯಿಲೆ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ಬೆಳಕು ಉಳಿದಿತ್ತು. ಅದರಲ್ಲಿ ಅವರು ಪುಸ್ತಕ ಓದುತ್ತಿದ್ದರು, ಬೋರ್ಡಿನ ಮೇಲೆ ಗೆರೆ ಎಳೆದಂತೆ ಬರೆಯುತ್ತಿದ್ದರು, ಆದರೆ ತಮ್ಮ ಕಾಲು ತಮಗೆ ಕಾಣುತ್ತಿರಲಿಲ್ಲ. ಔಷಧಿಯಿಲ್ಲ ಎಂದು ಮಿರಜಿನ ಡಾಕ್ಟರು ಮೊದಲೇ ಹೇಳಿದ್ದರಂತೆ. ಹೆಂಡತಿ ಶಾಂತಕ್ಕನವರಿಗೆ ಬಿಟ್ಟು ಇನ್ನಾರಿಗೂ ಅವರು ತಿಳಿಸಿರಲಿಲ್ಲ. ಖಾಸಗಿ ಆಡಳಿತ ಮಂಡಳಿಯ ಶಾಲೆ. ಕುರುಡಾಗುತ್ತಿರುವ ವಿಜ್ಞಾನದ ಮಾಸ್ತರನನ್ನು ಇಟ್ಟುಕೊಳ್ಳುವುದಿಲ್ಲ ಎಂಬ ಅಂಜಿಕೆ. ಅಟ್ಟದ ಮೇಲೆ ಅವರು ನಮಗೆ ಕಂಪ್ಯೂಟರ್ ಕಲಿಸುತ್ತ ತಮಗೆ ಕತ್ತಲೆಯಲ್ಲಿ ನಡೆಯುವುದನ್ನು ಕಲಿಸಿಕೊಳ್ಳುತ್ತಿದ್ದರು.

ಮಾರ್ಚಿನ ಒಂದು ಭಾನುವಾರ. ಮರುದಿನ ಸೋಮವಾರ ಬ್ಯಾಡಗಿಯ ಮಾರಾಟದ ದಿನ. ದರ ಏರಿದೆಯೆಂದು ಸುದ್ದಿ ಬಂದದ್ದರಿಂದ ಈರಣ್ಣ ಬೆಳಿಗ್ಗೆಯೇ ಹಮಾಲರನ್ನು ಕರೆಸಿ ಅಟ್ಟದ ಮೇಲಿನ ಒಂದು ಸಾಲನ್ನು ಕೆಳಗಿಳಿಸಿದ್ದ. ಹನ್ನೆರಡರಿಂದ ಹತ್ತೊಂಬತ್ತರವರೆಗಿನ ಚೀಲಗಳು. ಅವು ಕಿಂಡಿಯ ಅಂಚಿಗೆ ಗೋಡೆಯ ಹಾಗೆ ನಿಂತಿದ್ದವು. ಈಗ ಅಲ್ಲಿ ಗೋಡೆ ಇರಲಿಲ್ಲ. ಹಮಾಲರು ಕಿಂಡಿಗೆ ಹಲಗೆ ಮುಚ್ಚದೆ ಚಹಾ ಕುಡಿಯಲು ಹೋಗಿದ್ದರು, ಈರಣ್ಣ ಅಂಗಳದಲ್ಲಿ ತೂಕ ನೋಡುತ್ತಿದ್ದ. ಅವನ ಬೆನ್ನ ಹಿಂದಿನಿಂದ ಮಾಸ್ತರು ಮೆಟ್ಟಿಲು ಹತ್ತಿ ಹೋದರು.

ನಾನು ಸ್ಟೇಷನ್ನಿನಿಂದ ನಡೆದು ಬಂದು ಗೋದಾಮಿನ ಬಾಗಿಲಲ್ಲಿ ಕಾಲಿಟ್ಟಾಗ ಜನ ಸೇರಿದ್ದರು. ಕಿಂಡಿಯ ನೇರ ಕೆಳಗೆ ಮೆಣಸಿನಕಾಯಿಯ ದೊಡ್ಡ ರಾಶಿ, ಅದರ ನಡುವೆ ಮಾಸ್ತರು ಕೂತಿದ್ದರು. ಮುಖ, ಕೂದಲು, ಅಂಗಿ ಎಲ್ಲ ಕೆಂಪು. ಅರಿವೆ ಕಣ್ಣಿನಿಂದ ಅರ್ಧ ಜಾರಿತ್ತು. ಅದು ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ನಮ್ಮ ಕಡೆಯ ಕಾಯಿಯಾಗಿರಲಿಲ್ಲ, ಆಂಧ್ರದಿಂದ ಬಂದ ಖಾರದ ಕಾಯಿ. ಎಲುಬು ಮುರಿದಿರಲಿಲ್ಲ, ರಾಶಿ ಅವರನ್ನು ಹಿಡಿದುಕೊಂಡಿತ್ತು. ಕೂಗಲಿಲ್ಲ, ನರಳಲಿಲ್ಲ. ಎರಡೂ ಕೈ ಚಾಚಿ ಸುತ್ತಲಿನ ಕಾಯಿಗಳನ್ನು ಮುಟ್ಟಿ ನೋಡುತ್ತಿದ್ದರು. ನನ್ನ ದನಿ ಕೇಳಿ ಆ ಕಡೆಗೆ ಮುಖ ತಿರುಗಿಸಿ ಕೇಳಿದರು:

"ಶೈಲಜಾ, ನಾ ಈಗ ಎಷ್ಟನೇ ನಂಬರಿನ್ಯಾಗ ಅದೇನಿ?"

ಈ ಪ್ರಶ್ನೆ ನನ್ನ ಕನಸಿನಲ್ಲಿ ಈಗಲೂ ಬರುತ್ತದೆ. ಕೆಲವೊಮ್ಮೆ ಹಗಲಿನಲ್ಲೇ, ನಾನು ಕಲಿಸುವ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದಿನಿಂದ ಕೇಳುತ್ತದೆ. ತಿರುಗಿ ನೋಡುವುದಿಲ್ಲ, ನೋಡಿದರೆ ಮಕ್ಕಳು ನಗುತ್ತಾರೆ.

ನೀರು ಸುರಿದು, ಹಾಲು ಸುರಿದು, ಯಾರೋ ತುಪ್ಪ ಹಚ್ಚಿ, ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಕಣ್ಣು ತೊಳೆದು ಮದ್ದು ಹಾಕಿದ ಡಾಕ್ಟರು ಕೆಂಪು ಇಳಿಯುತ್ತದೆ ಎಂದರು, ಇಳಿಯಿತು. ಒಳಗಿನ ಕಾಯಿಲೆಯನ್ನೂ ನೋಡಿ ಮಾಸ್ತರಿಗೆ ಹೇಳಿದರು, ಮಾಸ್ತರು ಅದನ್ನು ಹೊರಗೆ ಬಿಟ್ಟುಕೊಡಲಿಲ್ಲ. ನಾಣ್ಯದಷ್ಟು ಉಳಿದಿದ್ದ ಬೆಳಕು ಆ ಬೇಸಿಗೆಯಲ್ಲಿ ಹಂತಹಂತವಾಗಿ ಹೋಯಿತು. ಊರಿನ ಬಾಯಲ್ಲಿ ಕಥೆ ನಿಂತುಬಿಟ್ಟಿತು: ರುದ್ರಪ್ಪನ ಮಗ ಕಿಂಡಿ ತೆಗೆದಿಟ್ಟ, ಮಾಸ್ತರರ ಕಣ್ಣು ಖಾರಕ್ಕೆ ಸುಟ್ಟುಹೋದವು. ಶಾಲೆಯವರು ಮರುಗಿದರು. ಅಪಘಾತಕ್ಕೆ ಸಿಕ್ಕ ಮನುಷ್ಯನನ್ನು ಹೇಗೆ ಬಿಡುವುದು ಎಂದು, ಪಾಠವನ್ನು ಬಾಯಲ್ಲೇ ಹೇಳಲು ಬಿಟ್ಟು, ಬೋರ್ಡಿನ ಮೇಲೆ ಬರೆಯಲು ಒಬ್ಬ ವಿದ್ಯಾರ್ಥಿಯನ್ನು ಕೊಟ್ಟು ಅವರನ್ನು ನೌಕರಿಯಲ್ಲಿ ಉಳಿಸಿಕೊಂಡರು. ಕಾಯಿಲೆಗೆ ಸಿಗಲಾರದ ಕರುಣೆ ಅಪಘಾತಕ್ಕೆ ಸಿಕ್ಕಿತು. ಮಾಸ್ತರು ಸುಮ್ಮನಿದ್ದರು. ನಾನೂ ಊರಿನಂತೆಯೇ ನಂಬಿದ್ದೆ.

ಈರಣ್ಣ ಆ ದಿನದಿಂದ ಪುಸ್ತಕ ಮುಟ್ಟಲಿಲ್ಲ. ಅಟ್ಟದ ಕಿಂಡಿಗೆ ಮೊಳೆ ಹೊಡೆಸಿದ. ಅವನ ಅಪ್ಪ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಬೆಳಿಗ್ಗೆ ಎದ್ದು ಮಾಸ್ತರರ ಮನೆಗೆ ಹೋಗುತ್ತಿದ್ದ, ಕೈ ಹಿಡಿದು ಶಾಲೆಗೆ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ನಾನು ಪಾಠದ ಮಾತು ತೆಗೆದರೆ, ಅಟ್ಟದ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ, ಅದು ಕೇಳುವಾಗ ಓದಲು ಆಗುವುದಿಲ್ಲ ಎನ್ನುತ್ತಿದ್ದ. ಇಲಿ ಇರಬೇಕು ಎಂದೆ. ಒಂದು ಮಧ್ಯಾಹ್ನ ಗೋದಾಮಿನಲ್ಲಿ ಕೂತಿದ್ದಾಗ ನನಗೂ ಕೇಳಿಸಿತು. ನಾಲ್ಕು ಹೆಜ್ಜೆ, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ, ಮಾಸ್ತರು ಚೀಲ ಹುಡುಕುತ್ತ ನಡೆಯುತ್ತಿದ್ದ ಹಾಗೆ. ನಾನು ದೆವ್ವ ನಂಬುವವಳಲ್ಲ. ಆದರೂ ಅವತ್ತು ಎದ್ದು ಬಂದುಬಿಟ್ಟೆ, ಮಾತು ಅರ್ಧಕ್ಕೆ ನಿಂತಿತ್ತು.

ಆ ದಿನಗಳಲ್ಲಿ ನಾನೊಬ್ಬಳೇ ಓದುತ್ತಿದ್ದೆ. ಮೆಮರಿಯ ಪಾಠದಲ್ಲಿ ಒಂದು ಮಾತಿತ್ತು. ಯಾವ ಕೋಣೆಯೂ ಖಾಲಿ ಇರುವುದಿಲ್ಲ, ಬಳಸಿ ಬಿಟ್ಟರೂ ಹಳೆಯದು ಅಲ್ಲಿಯೇ ಕೂತಿರುತ್ತದೆ, ಇನ್ನೊಂದನ್ನು ಅದರ ಮೇಲೆ ಬರೆಯುವ ತನಕ. ಅದನ್ನು ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಬಂದು ನಿಂತೆ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಮೆಣಸಿನಕಾಯಿಯ ವಾಸನೆಯೇನೂ ಇರಲಿಲ್ಲ, ಆದರೂ ಮೂಗು ಉರಿಯಿತು.

ಮೇ ತಿಂಗಳಲ್ಲಿ ಮಾಸ್ತರು ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಪರೀಕ್ಷೆಗೆ ಕೆಲವೇ ವಾರ ಉಳಿದಿತ್ತು, ಈರಣ್ಣ ಕೂಡುವುದಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆ. ಶಾಂತಕ್ಕನವರು ಚಹಾ ಇಟ್ಟು ಬಾಗಿಲು ಮುಂದಕ್ಕೆಳೆದು ತಾವೂ ಕೂತರು. ಮಾಸ್ತರು ಎಲ್ಲವನ್ನೂ ಹೇಳಿದರು. ಮಿರಜ, ಡಾಕ್ಟರು, ನಾಣ್ಯದಷ್ಟು ಬೆಳಕು, ಶಾಲೆಯ ಅಂಜಿಕೆ. ಆಮೇಲೆ ಆ ಭಾನುವಾರದ ಮಾತಿಗೆ ಬಂದರು.

"ಅರಿವಿ ಕಟ್ಟಿಕೊಂಡಾಂವ ತಡವರಿಸಿದ್ರ ಯಾರೂ ಕುರುಡ ಅನ್ನೂದಿಲ್ಲ ಈರಣ್ಣ. ಅದಕ್ಕ ಕಟ್ಟಿಕೊಂತಿದ್ದೆ. ಅವತ್ತ ಕಟ್ಟಿಕೊಳ್ಳೂಕಿಂತ ಮೊದಲ ಅಟ್ಟದ ಮ್ಯಾಲ ನಿಂತು, ಕಣ್ಣ ತೆರದು, ಸುತ್ತ ನೋಡೇನಿ. ಕಿಂಡಿ ತೆರದದ್ದು ನನಗ ಕಾಣಲಿಲ್ಲ. ನಿನ್ನ ಖಾರ ನನ್ನ ಕಣ್ಣ ತಗೊಂಡಿಲ್ಲ. ಅವು ಆಗಲೇ ಹೋಗಿದ್ದುವು."

ಈರಣ್ಣ ತಲೆ ಎತ್ತದೆ ಮೆಲ್ಲಗೆ, ಮಿರಜಿನ ಡಾಕ್ಟರ ಕಾಗದ ಇದೆಯೇ ಎಂದು ಕೇಳಿದ. ಇರಲಿಲ್ಲ. ಶಾಲೆಯವರ ಕೈಗೆ ಸಿಕ್ಕೀತೆಂದು ಮಾಸ್ತರು ಒಂದೂ ಚೀಟಿ ಉಳಿಸಿರಲಿಲ್ಲ. ಮುಚ್ಚಿಡುವುದರಲ್ಲಿ ಅವರು ಅಷ್ಟು ಗಟ್ಟಿಗರಾಗಿದ್ದರು, ತೆರೆದು ತೋರಿಸಬೇಕಾದಾಗ ಕೈಯಲ್ಲಿ ಏನೂ ಇರಲಿಲ್ಲ. ಶಾಂತಕ್ಕನವರು, ಅವರು ಹೇಳಿದ್ದೆಲ್ಲ ಖರೆ ಎಂದರು. ಅವರು ಏನೆನ್ನುತ್ತಾರೆಂದು ಮೊದಲೇ ಗೊತ್ತಿದ್ದವನಂತೆ ಈರಣ್ಣ ತಲೆಯಾಡಿಸಿದ. ಮಾಸ್ತರರ ಕಡೆ ತಿರುಗಿ, ಸೂಜಿಗೆ ದಾರ ಪೋಣಿಸಿ ಎಂಟೆಂಟು ಕಾಯಿ ಸರ ಮಾಡಿದ್ದು ನೀವೇ ಅಲ್ಲವೇ, ಕಣ್ಣಿಲ್ಲದವರು ಸೂಜಿ ಪೋಣಿಸುತ್ತಾರೆಯೇ, ನನ್ನ ಮೈಮೇಲಿನದನ್ನು ತೆಗೆಯಲು ನೀವು ಸುಳ್ಳು ಹೇಳುತ್ತಿದ್ದೀರಿ ಎಂದ. ಹಾಗಾದರೆ ಶಾಲೆಯ ಮಂಡಳಿಯ ಮುಂದೆಯೇ ಹೋಗಿ ಹೇಳುತ್ತೇನೆ, ಆಗಲಾದರೂ ನಂಬುತ್ತೀಯಾ ಎಂದು ಮಾಸ್ತರು ಎದ್ದು ನಿಂತರು. ಈರಣ್ಣ ಅವರ ಕಾಲು ಹಿಡಿದುಕೊಂಡ. ನನ್ನ ಸಲುವಾಗಿ ಕಣ್ಣು ಕಳೆದುಕೊಂಡಿರಿ, ನೌಕರಿಯನ್ನೂ ಕಳೆದುಕೊಳ್ಳಬೇಡಿ ಎಂದು ಅತ್ತ. ಮಾಸ್ತರು ಮತ್ತೆ ಕೂತರು. ಆ ಸುಳ್ಳನ್ನು ಕಾಯಲು ಅದರ ಭಾರ ಹೊತ್ತವನೇ ನಿಂತಿದ್ದ.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದಲೇ ಹೇಳಿದೆ, ನಾಳೆಯೇ ಹುಬ್ಬಳ್ಳಿಗೆ ಹೋಗೋಣ, ಆ ಡಾಕ್ಟರನ್ನೇ ಕೇಳೋಣ, ಅವರಿಗೆ ಸುಳ್ಳು ಹೇಳಿ ಆಗಬೇಕಾದದ್ದೇನು? ಬರುತ್ತೇನೆಂದ. ಮರುದಿನ ನಾನು ಬ್ಯಾಡಗಿಯ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಹುಡುಕಿದೆ, ಗಾಡಿ ಸೀಟಿ ಹಾಕುವವರೆಗೆ ನಿಂತು ನೋಡಿದೆ. ಅವನು ಬರಲಿಲ್ಲ. ಅವನಿಲ್ಲದೆ ನಾನು ಹೋಗಿ ಕೇಳಿಬಂದರೂ ನನ್ನ ಮಾತನ್ನು ಅವನು ನಂಬುವುದಿಲ್ಲ ಎಂದು ತಿರುಗಿ ಮನೆಗೆ ಹೋದೆ.

ಜೂನಿನಲ್ಲಿ ಹಾವೇರಿಯಲ್ಲಿ ಪರೀಕ್ಷೆ. ಮಾಸ್ತರಿಗೆ ಬರೆದುಕೊಡಲು, ಈ ವಿಷಯದ ಗಂಧವಿಲ್ಲದವರೇ ಆಗಬೇಕೆಂದು ನಿಯಮವಿದ್ದುದರಿಂದ, ಕಲಾ ವಿಭಾಗದ ಒಬ್ಬ ಹುಡುಗಿಯನ್ನು ಕೊಟ್ಟಿದ್ದರು. ಪಕ್ಕದ ಕೋಣೆಯಿಂದ ಅವರು ಅಕ್ಷರ ಅಕ್ಷರ ಬಿಡಿಸಿ ಹೇಳುವುದು, ಪ್ರತಿ ವಾಕ್ಯಕ್ಕೂ ಆ ಹುಡುಗಿ "ಮುಂದಿಂದ್ರಿ ಸರ್?" ಎಂದು ಕೇಳುವುದು ನನಗೆ ಕೇಳಿಸುತ್ತಿತ್ತು. ಈರಣ್ಣ ಅವರನ್ನು ಕೈ ಹಿಡಿದು ಬಾಗಿಲವರೆಗೆ ತಂದು ಬಿಟ್ಟಿದ್ದ. ಅವನ ನಂಬರಿನ ಬೆಂಚು ನನ್ನ ಮುಂದೆಯೇ ಇತ್ತು. ಮೂರು ತಾಸು ಅದರಲ್ಲಿ ಯಾರೂ ಕೂಡಲಿಲ್ಲ. ಕಿಟಕಿಯಿಂದ ನೋಡಿದರೆ ಅವನು ಹೊರಗೆ ಬೇವಿನ ಮರದ ಕೆಳಗೆ, ಮಾಸ್ತರರ ಚಪ್ಪಲಿಯ ಪಕ್ಕದಲ್ಲಿ ಕೂತಿದ್ದ. ಪ್ರಶ್ನೆಪತ್ರಿಕೆಯಲ್ಲಿದ್ದದ್ದೆಲ್ಲ ಅವನಿಗೆ ಬರುತ್ತಿತ್ತು. ಅವತ್ತು ನಾನು ಅತ್ತುಕೊಂಡೇ ಬರೆದೆ.

ನಾನು ಪಾಸಾದೆ, ಮಾಸ್ತರೂ ಪಾಸಾದರು. ಮುಂದೆ ನಾನು ಹಾವೇರಿಯಲ್ಲೇ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ಈರಣ್ಣ ಗಾದಿಯ ಮೇಲೆ ಕೂತ. ಮಾಸ್ತರನ್ನು ಶಾಲೆಗೆ ಕರೆದೊಯ್ಯುವುದು, ಕರೆತರುವುದು ಮಾತ್ರ ಅವರ ನಿವೃತ್ತಿಯವರೆಗೂ ಬಿಡಲಿಲ್ಲ. ನಿವೃತ್ತಿಯ ನಂತರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಶನಿವಾರ, ಮಾರುಕಟ್ಟೆಯ ಸುತ್ತ ಸಂಜೆಯ ಒಂದು ಅಡ್ಡಾಟ. ಊರಿನ ಜನ ಅವರಿಬ್ಬರ ಜೋಡಿಯನ್ನು ನೋಡಿ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿದ್ದರು. ಹುಡುಗಿ ನೋಡಲು ಹೋದಾಗಲೂ ಈರಣ್ಣ, ಬೆಳಿಗ್ಗೆ ಸಂಜೆ ನನಗೆ ಒಂದು ಕೆಲಸವಿದೆ, ಅದಕ್ಕೆ ಒಪ್ಪುವುದಾದರೆ ಮುಂದಿನ ಮಾತು ಎಂದಿದ್ದನಂತೆ.

ಮಾಸ್ತರು ಒಮ್ಮೆ ನನ್ನ ಮುಂದೆ ಬಾಯಿ ಬಿಟ್ಟರು. ಮೊದಲ ವರ್ಷ ದಿನಾಲು ಜಗಳವಾಡಿದೆ, ನಿನ್ನ ಋಣ ಇಲ್ಲವೋ ಹೋಗೋ ಎಂದೆ, ಅವನು ಬಾಗಿಲಲ್ಲಿ ನಿಂತೇ ಇರುತ್ತಿದ್ದ, ಹಿಡಿಯದಿದ್ದರೆ ಶಾಲೆಯವರೆಗೆ ಹಿಂದೆ ಹಿಂದೆ ಬರುತ್ತಿದ್ದ ಎಂದರು. ಅವನು ಋಣ ತೀರಿಸಿದೆ ಎಂದುಕೊಂಡು ಹಗುರಾಗಲಿ ಎಂದು ಕೈ ಕೊಟ್ಟಿದ್ದರಂತೆ. ಆಮೇಲೆ ಹೇಳಿದರು: "ಒಂದಿಲ್ಲ ಒಂದಿನ ಅವಗ ಖರೇ ತಿಳೀತೈತಿ. ತಿಳಿದ ದಿನ ಕೈ ಬಿಡತಾನ. ಬಿಡಲಿ ಅಂತ ಕಾಯಾಕತ್ತೇನಿ." ಇಬ್ಬರು ಹೀಗೆ ಹಿಡಿದುಕೊಂಡು ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುವುದಕ್ಕೆ ನಮ್ಮ ಪಠ್ಯದಲ್ಲಿ ಡೆಡ್‌ಲಾಕ್ ಎಂಬ ಹೆಸರಿದೆ. ಪ್ರತಿ ವರ್ಷ ಕಲಿಸುತ್ತೇನೆ, ಉದಾಹರಣೆ ಬೇರೆ ಕೊಡುತ್ತೇನೆ.

ಹೋದ ಫೆಬ್ರುವರಿಯಲ್ಲಿ ಶಿವಗಣಾರಾಧನೆಯ ಊಟ ಮುಗಿದು ಜನ ಚದುರಿದ ಮೇಲೆ ಈರಣ್ಣ ನನ್ನನ್ನು ಗೋದಾಮಿಗೆ ಕರೆದೊಯ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಚೀಲಗಳ ನಡುವೆ ಎರಡು ಕುರ್ಚಿ ಹಾಕಿಸಿದ. ಅವನ ಬಲಗೈ ಮೊಣಕಾಲಿನ ಮೇಲೆ ಅರ್ಧ ತೆರೆದುಕೊಂಡು ಕೂತಿತ್ತು, ಯಾರದೋ ಕೈ ಇನ್ನೂ ಅದರೊಳಗೆ ಇರುವ ಹಾಗೆ. ನನಗೆ ಅದನ್ನು ನೋಡಲಾಗಲಿಲ್ಲ. ಈಗಲಾದರೂ ಹೇಳಿಬಿಡಬೇಕು ಎನಿಸಿತು. ಈರಣ್ಣ, ಅವರು ಅವತ್ತು ಹೇಳಿದ್ದು ನಿಜ, ಸಾಯುವವರೆಗೂ ನೀನು ನಂಬಲಿ ಎಂದು ಕಾಯುತ್ತಿದ್ದರು, ಇನ್ನಾದರೂ ಆ ಭಾರ ಇಳಿಸು ಎಂದೆ.

ಅವನು ತನಗೆ ಗೊತ್ತು ಎಂದ. ಪರೀಕ್ಷೆ ನಡೆದ ಆ ವರ್ಷದ ದೀಪಾವಳಿಗೆ ಒಬ್ಬನೇ ಹುಬ್ಬಳ್ಳಿಗೆ ಹೋಗಿದ್ದನಂತೆ. ಡಾಕ್ಟರು ಚಿತ್ರ ಬರೆದು ತೋರಿಸಿ ಎಲ್ಲ ತಿಳಿಸಿ ಹೇಳಿದ್ದರಂತೆ. ವಾಪಸು ಬಂದು ಮರುದಿನ ಬೆಳಿಗ್ಗೆ ಎಂದಿನಂತೆ ಮಾಸ್ತರರ ಬಾಗಿಲಿಗೆ ಹೋಗಿ ನಿಂತಿದ್ದನಂತೆ.

ಇಷ್ಟು ವರ್ಷ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಮರುದಿನದಿಂದ ಕೈ ಕೊಡತಿದ್ದಿಲ್ರಿ ಅಕ್ಕಾರ," ಎಂದ ಈರಣ್ಣ. "ಪರೀಕ್ಷಾ ಅಂತೂ ಆಗಲೇ ಹೋಗಿತ್ತು. ಅವರ ಕೈನೂ ಹೋಗಿದ್ರ ನನ್ನ ಹತ್ರ ಏನ ಉಳೀತಿತ್ತು?"